‘ಆ ಗೇಮ್ ಸತ್ತೋಯ್ತಂತೆ, ಹೌದಾ?’

ಇಪ್ಪತ್ತು ವರ್ಷದಿಂದ ಆನ್‌ಲೈನ್ ಗೇಮ್ ಆಡುತ್ತಿದ್ದೇನೆ ಅಂತ ಗೊತ್ತಾದ ಕೂಡಲೇ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಯಾವುದೋ ಗೇಮ್‌ನ ಹೆಸರೆತ್ತಿ, ‘ಅದು ಸತ್ತೋಯ್ತಂತೆ, ಹೌದಾ? ಈಗ ಶುರು ಮಾಡಿದ್ರೆ ಟೈಮ್ ವೇಸ್ಟಾ?’ ಅನ್ನುತ್ತಾರೆ. ಜೊತೆಗೆ ಫೋನ್ ಮುಂದೆ ಹಿಡಿದು, ಎಷ್ಟು ಜನ ಆಡುತ್ತಿದ್ದಾರೆ ಅನ್ನುವ ಒಂದು ಗ್ರಾಫ್ ತೋರಿಸುತ್ತಾರೆ. ಎಡಗಡೆ ಬೆಟ್ಟ, ಬಲಗಡೆ ಬಯಲು.

ಗ್ರಾಫ್‌ನಲ್ಲಿ ಸುಳ್ಳೇನಿಲ್ಲ, ಎಡವಟ್ಟಾಗುವುದು ನಾವು ಅದನ್ನು ಓದುವಾಗ. ಪಬ್‌ಜಿಯನ್ನೇ ತಗೊಳ್ಳಿ. 2018ರ ಜನವರಿಯಲ್ಲಿ ಸ್ಟೀಮ್ (ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿ) ಒಂದರಲ್ಲೇ ಏಕಕಾಲಕ್ಕೆ 32 ಲಕ್ಷಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಆ ಎತ್ತರಕ್ಕೆ ಅದು ಮತ್ತೆ ಏರಲಿಲ್ಲ. ಹಾಗಂತ ಸತ್ತಿಲ್ಲ, ಸ್ಟೀಮ್‌ನಲ್ಲಿ ಅತಿ ಹೆಚ್ಚು ಜನ ಆಡುವ ಗೇಮ್‌ಗಳ ಪಟ್ಟಿಯಲ್ಲಿ ಈಗಲೂ ಮೇಲ್ಗಡೆಯೇ ಕೂತಿದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ಗೆ 2010ರಲ್ಲಿ 1.2 ಕೋಟಿ ಚಂದಾದಾರರಿದ್ದರು. ಆಮೇಲೆ ಇಳಿಯಿತು, ಅಂದಿನಿಂದ ಅದರ ಸಾವಿನ ಸುದ್ದಿಯನ್ನು ವರ್ಷಕ್ಕೊಮ್ಮೆ ಓದುತ್ತಲೇ ಇದ್ದೇನೆ. 1999ರ ಎವರ್‌ಕ್ವೆಸ್ಟ್ ಇನ್ನೂ ನಡೆಯುತ್ತಿದೆ. ಅದರದರ ಶಿಖರದ ಪಕ್ಕಕ್ಕೇ ನಿಲ್ಲಿಸಿ ನೋಡಿದರೆ ಯಾವ ಗೇಮ್ ಆದರೂ ಹೆಣದ ಹಾಗೆಯೇ ಕಾಣುತ್ತದೆ.

ನಾನು ನೋಡುವುದು ಬೇರೆಯದನ್ನು. ‘ಪ್ಲೇ’ ಒತ್ತಿದ ಮೇಲೆ ಮ್ಯಾಚ್ ಸಿಗುವವರೆಗೆ ಪರದೆಯ ಮೂಲೆಯಲ್ಲಿ ಓಡುವ ಗಡಿಯಾರ.

ಕೆಲವು ವರ್ಷದ ಹಿಂದೆ ಐದೈದು ಜನರ ಎರಡು ತಂಡ ಗುಂಡು ಹಾರಿಸಿಕೊಳ್ಳುವ ಒಂದು ಶೂಟರ್‌ಗೆ ಅಂಟಿಕೊಂಡಿದ್ದೆ. ಹೆಸರು ಬೇಡ. ಮೊದಮೊದಲು ಪ್ಲೇ ಒತ್ತಿ ನೀರಿನ ಬಾಟಲಿ ಎತ್ತುವಷ್ಟರಲ್ಲಿ ಮ್ಯಾಚ್ ಸಿಗುತ್ತಿತ್ತು. ವರ್ಷ ಕಳೆಯುವಷ್ಟರಲ್ಲಿ ಆ ಗಡಿಯಾರ ನಾಲ್ಕು ನಿಮಿಷಕ್ಕೆ ಬಂತು. ಆದರೆ ‘ಈಗ ಆನ್‌ಲೈನ್: 2,000’ ಅಂತ ಮೇಲೆ ಬರೆದೇ ಇರುತ್ತಿತ್ತು. ಎರಡು ಸಾವಿರ ಜನರಲ್ಲಿ ನನಗೆ ಬೇಕಾಗಿರುವುದು ಒಂಬತ್ತು ಜನ, ಅಷ್ಟೂ ಸಿಗುವುದಿಲ್ಲವೇ ಅಂತ ಸಿಟ್ಟು ಬರುತ್ತಿತ್ತು.

ಒಂದು ರಾತ್ರಿ ಕ್ಯೂನಲ್ಲಿ ಕೂತೇ ಲೆಕ್ಕ ಹಾಕಿದೆ. ಎರಡು ಸಾವಿರದಲ್ಲಿ ಅರ್ಧದಷ್ಟು ಜನ ಆಗಲೇ ಮ್ಯಾಚ್‌ನ ಒಳಗಿದ್ದಾರೆ. ಉಳಿದ ಸಾವಿರ ಏಷ್ಯಾ, ಯುರೋಪ್, ಅಮೆರಿಕ ಅಂತ ಮೂರು ಪಾಲು; ದೂರದ ಸರ್ವರ್‌ಗೆ ಹೋದರೆ ಪಿಂಗ್ (ಸಂದೇಶ ಹೋಗಿ ಬರಲು ಹಿಡಿಯುವ ಹೊತ್ತು) ಏರಿ, ಗುಂಡು ಹಾರಿಸುವ ಮೊದಲೇ ಸತ್ತಿರುತ್ತೀರಿ. ಹಾಗಾಗಿ 330. ಗೇಮ್‌ನಲ್ಲಿ ಮೂರು ಮೋಡ್ (ಆಟದ ಬಗೆ), ಅಂದರೆ ನನ್ನ ಮೋಡ್‌ನಲ್ಲಿ 110. ಅದನ್ನು ಐದು ರ‍್ಯಾಂಕ್‌ಗೆ ಹಂಚಿದರೆ ನನ್ನ ಮಟ್ಟದವರು ಇಪ್ಪತ್ತು ಚಿಲ್ಲರೆ. ಅವರಲ್ಲೂ ಮೂವರು ಗೆಳೆಯರು ಒಟ್ಟಿಗೇ ಬರುತ್ತಾರೆ, ಅವರನ್ನು ಒಡೆಯುವ ಹಾಗಿಲ್ಲ. ಇಷ್ಟರಲ್ಲಿ ಹತ್ತು ಜನರನ್ನು ಕೂಡಿಸಬೇಕು.

ಆಗದಿದ್ದಾಗ, ಆಟಗಾರರನ್ನು ಜೋಡಿಸುವ ಮ್ಯಾಚ್‌ಮೇಕಿಂಗ್ ವ್ಯವಸ್ಥೆ ತನ್ನ ನಿಯಮ ಸಡಿಲಿಸುತ್ತದೆ. ಸ್ವಲ್ಪ ಹೊತ್ತು ನೋಡಿ, ರ‍್ಯಾಂಕ್ ಗೀಂಕ್ ಬಿಟ್ಟು ಸಿಕ್ಕವರನ್ನು ಎತ್ತಿ ಹಾಕುತ್ತದೆ. ನಿನ್ನೆ ತಾನೇ ಗೇಮ್ ಇಳಿಸಿಕೊಂಡ ಹುಡುಗ, ಗೋಡೆಗೋಡೆಯ ಮೂಲೆಯೂ ಬಾಯಿಪಾಠವಾಗಿರುವ ಹಳಬನ ಎದುರು ಬಂದು ನಿಲ್ಲುತ್ತಾನೆ. ಎಲ್ಲಿಂದ ಗುಂಡು ಬಂತು ಅಂತ ತಿಳಿಯುವುದರೊಳಗೆ ಹದಿನಾಲ್ಕು ಸಲ ಸಾಯುತ್ತಾನೆ. ಚಾಟ್‌ನಲ್ಲಿ ತನ್ನ ತಂಡದವರಿಂದಲೇ ‘ನೂಬ್’ ಅಂತ ಬೈಸಿಕೊಳ್ಳುತ್ತಾನೆ. ಮತ್ತೆ ಬರುವುದಿಲ್ಲ. ನಾಳೆಯ ಕ್ಯೂ ಇನ್ನಷ್ಟು ಉದ್ದವಾಗುತ್ತದೆ, ನಿಯಮ ಇನ್ನಷ್ಟು ಸಡಿಲವಾಗುತ್ತದೆ, ಇನ್ನಿಬ್ಬರು ಹೊಸಬರು ಓಡುತ್ತಾರೆ. ಗೇಮ್ ಸಾಯುವುದು ಹೀಗೆ, ಕೆಳಗಿನಿಂದ. ಕೊನೆಗೆ ಉಳಿದವರೆಲ್ಲ ನಿಸ್ಸೀಮರು. ಆ ಗೇಮ್ ಮಾಡಿದ ಕಂಪನಿ ಇದಕ್ಕೆ ಕಂಡುಕೊಂಡ ಮದ್ದು ಏನು ಗೊತ್ತೇ? ನಾಲ್ಕನೇ ಮೋಡ್! ಇದ್ದ 110 ಜನರನ್ನು ಮತ್ತೆ ಒಡೆದರು.

ಬುದ್ಧಿಯಿದ್ದವರು ಕೆರೆ ಒಡೆಯದೆ ಕಾಲುವೆಗಳನ್ನು ಸೇರಿಸಿದರು. ಕ್ರಾಸ್‌ಪ್ಲೇ, ಅಂದರೆ ಬೇರೆಬೇರೆ ಯಂತ್ರದವರು ಒಟ್ಟಿಗೆ ಆಡುವ ವಿಷಯದಲ್ಲಿ ಪ್ಲೇಸ್ಟೇಷನ್‌ನ ಸೋನಿ ಬಹಳ ಕಾಲ ಒಲ್ಲೆ ಅನ್ನುತ್ತಿತ್ತು. 2018ರ ಸೆಪ್ಟೆಂಬರ್‌ನಲ್ಲಿ ಫೋರ್ಟ್‌ನೈಟ್‌ಗಾಗಿ ಬಾಗಿಲು ತೆರೆಯಿತು. ಕೌಂಟರ್ ಸ್ಟ್ರೈಕ್ 2018ರ ಡಿಸೆಂಬರ್‌ನಲ್ಲಿ, ರಾಕೆಟ್ ಲೀಗ್ 2020ರಲ್ಲಿ, ಪಬ್‌ಜಿ 2022ರಲ್ಲಿ ಪುಕ್ಕಟೆಯಾದವು. ಇನ್ನೊಂದು ದಾರಿ ಬಾಟ್‌ಗಳು. ಖಾಲಿ ಜಾಗಕ್ಕೆ ಕಂಪ್ಯೂಟರ್ ಆಟಗಾರರನ್ನು ತುಂಬುವುದು, ಹೊಸಬನಿಗೂ ನಾಲ್ಕು ಬೇಟೆ ಸಿಗಲಿ ಅಂತ. (ಫೋರ್ಟ್‌ನೈಟ್‌ಗೆ ಬಾಟ್ ಬಂದ ಹೊಸದರಲ್ಲಿ ನನ್ನ ಕೈ ಚೆನ್ನಾಗಿ ಪಳಗಿದೆ ಅಂತ ಒಂದು ವಾರ ಬೀಗಿದ್ದೆ. ಆ ವಾರವನ್ನು ನೆನೆಸಿಕೊಳ್ಳಲು ನನಗಿಷ್ಟವಿಲ್ಲ.)

ಇಷ್ಟೆಲ್ಲ ಹೇಳಿದರೂ ಅದೃಷ್ಟದ ಪಾಲನ್ನು ತೆಗೆದುಹಾಕುವಂತಿಲ್ಲ. ಟೈಟನ್‌ಫಾಲ್ 2 ನನ್ನ ಮಟ್ಟಿಗೆ ಓಡಾಟದ ಸೊಗಸಿನಲ್ಲಿ ಸರಿಸಾಟಿಯಿಲ್ಲದ ಶೂಟರ್. 2016ರ ಅಕ್ಟೋಬರ್ 28ಕ್ಕೆ ಬಿಟ್ಟರು. ಹಿಂದಿನ ವಾರ ಬ್ಯಾಟಲ್‌ಫೀಲ್ಡ್ ಬಂದಿತ್ತು, ಮುಂದಿನ ವಾರ ಕಾಲ್ ಆಫ್ ಡ್ಯೂಟಿ ಬಂತು. ಎರಡು ಆನೆಗಳ ನಡುವೆ ನಿಂತ ಹಾಗಾಯಿತು. ಅಮಾಂಗ್ ಅಸ್ 2018ರಲ್ಲೇ ಬಂದು ಎರಡು ವರ್ಷ ಹೇಳಕೇಳುವವರಿಲ್ಲದೆ ಬಿದ್ದಿತ್ತು. 2020ರಲ್ಲಿ ಎಲ್ಲರೂ ಮನೆಯೊಳಗೆ ಕೂತಾಗ ಗೇಮ್ ಆಡುವುದನ್ನು ನೇರಪ್ರಸಾರ ಮಾಡುವ ಸ್ಟ್ರೀಮರ್‌ಗಳ ಕಣ್ಣಿಗೆ ಬಿತ್ತು. ಎಷ್ಟು ಜನ ನುಗ್ಗಿದರೆಂದರೆ, ಮಾಡಿದವರು ಎರಡನೇ ಭಾಗದ ಯೋಜನೆ ಕೈಬಿಟ್ಟು ಹಳೆಯದನ್ನೇ ಸರಿಮಾಡುತ್ತ ಕೂತರು. ಸೋನಿಯ ಕಾನ್‌ಕಾರ್ಡ್ ಇದರ ತದ್ವಿರುದ್ಧ: 2024ರ ಆಗಸ್ಟ್ 23ಕ್ಕೆ ಬಿಡುಗಡೆ, ಸೆಪ್ಟೆಂಬರ್ 6ಕ್ಕೆ ಬಂದ್, ಕೊಂಡವರಿಗೆಲ್ಲ ಹಣ ವಾಪಸ್.

ಸತ್ತದ್ದು ಎದ್ದು ಬರುವುದೂ ಉಂಟು. ಆಟಗಾರರು ಹೊಸ ರೂಪ ಒಪ್ಪದಿದ್ದಾಗ ರೂನ್‌ಸ್ಕೇಪ್‌ನವರು 2007ರ ಹಳೆಯ ಬ್ಯಾಕಪ್ ಹುಡುಕಿ, ಮತದಾನ ನಡೆಸಿ, 2013ರಲ್ಲಿ ಅದನ್ನೇ ಮತ್ತೆ ಬಿಟ್ಟರು. ಇವತ್ತು ಹೊಸದಕ್ಕಿಂತ ಹಳೆಯದರಲ್ಲೇ ಜನ ಹೆಚ್ಚು.

ನಿಜವಾದ ಸಾವು ಅಂದರೆ ಸರ್ವರ್ ನಿಲ್ಲಿಸುವುದು. ಎಕ್ಸ್‌ಬಾಕ್ಸ್‌ನ ಹೇಲೋ 2ಕ್ಕೆ 2010ರ ಏಪ್ರಿಲ್‌ನಲ್ಲಿ ಹಾಗಾಯಿತು. ಆದರೆ ಆಗಲೇ ಒಳಗಿದ್ದವರನ್ನು ಹೊರಗೆ ದಬ್ಬಿರಲಿಲ್ಲ. ಒಮ್ಮೆ ಹೊರಬಿದ್ದರೆ ಮತ್ತೆ ಒಳಗೆ ಹೋಗುವಂತಿಲ್ಲ ಅಂತ ಗೊತ್ತಿದ್ದ ಕೆಲವೇ ಜನ ಕನ್ಸೋಲ್ ಆಫ್ ಮಾಡದೆ ಹಗಲೂ ರಾತ್ರಿ ಓಡಿಸಿದರು. ಒಂದೊಂದೇ ಯಂತ್ರ ಕೈಕೊಡುತ್ತ, ಕೊನೆಯವರು ಹೊರಬಿದ್ದದ್ದು ಮೇ ತಿಂಗಳಲ್ಲಿ. ಗ್ರಾಫ್‌ನಲ್ಲಿ ಇವರು ಸೊನ್ನೆಗೆ ಸಮ.

ಹಾಗಾಗಿ ಕೇಳಿದವರಿಗೆಲ್ಲ ನಾನು ಹೇಳುವುದು ಇಷ್ಟು: ಗ್ರಾಫ್ ಮುಚ್ಚಿ, ನೀವು ದಿನಾ ಆಡಲಿರುವ ಹೊತ್ತಿಗೇ ಪ್ಲೇ ಒತ್ತಿ, ಗಡಿಯಾರ ನೋಡಿ. ಎರಡು ನಿಮಿಷದೊಳಗೆ ಮ್ಯಾಚ್ ಸಿಕ್ಕಿ, ಎದುರಿಗಿರುವವರೂ ನಿಮ್ಮಷ್ಟೇ ತಡವರಿಸುತ್ತಿದ್ದರೆ ಗೇಮ್ ಬದುಕಿದೆ. ಹೋದ ವಾರ ತಮ್ಮನ ಗೆಳೆಯನೊಬ್ಬನಿಗೂ ಇದನ್ನೇ ಹೇಳಿದ್ದೆ. ರಾತ್ರಿ ಮೆಸೇಜ್ ಬಂತು: ‘ಅಣ್ಣಾ, ನಲವತ್ತೇ ಸೆಕೆಂಡಿಗೆ ಸಿಕ್ತು. ಗೇಮ್ ಸತ್ತಿಲ್ಲ, ನಾನೇ ಹನ್ನೊಂದು ಸಲ ಸತ್ತೆ.’ ನಾಳೆ ಮತ್ತೆ ಆಡ್ತೀಯಾ ಅಂತ ಕೇಳಿದೆ. ನೋಡಿದ್ದಾನೆ, ಉತ್ತರ ಇನ್ನೂ ಬಂದಿಲ್ಲ.