ವಯಸ್ಸಾಯ್ತಲ್ಲ ಮತ್ತೆ

"168, 92 ಇದೆ ಅಂಕಲ್."

"ವಯಸ್ಸಾಯ್ತಲ್ಲ ಮತ್ತೆ."

ಭಾನುವಾರ ಬೆಳಿಗ್ಗೆ ಲಾಲ್‌ಬಾಗ್ ಗೇಟಿನ ಹೊರಗೆ, ಹಾಗಲಕಾಯಿ ಜ್ಯೂಸಿನ ಗಾಡಿ ಪಕ್ಕದ ಬಿಪಿ ಮೇಜಿನ ಮುಂದೆ ಕೇಳಿದ ಈ ಎರಡು ಮಾತು ಇನ್ನೂ ಕಿವಿ ಬಿಟ್ಟು ಹೋಗಿಲ್ಲ.

ಅಂಕಲ್ ಆಗಷ್ಟೇ ಬಂಡೆ ಹತ್ತಿ ಇಳಿದು ಬಂದಿದ್ದರು. ಬೆವರು ಆರಿರಲಿಲ್ಲ. ಬಲಗೈಯಲ್ಲಿ ಕಾಫಿ ಲೋಟ. ಆಸರೆಯಿಲ್ಲದ ಸ್ಟೂಲು, ಕಾಲ ಮೇಲೆ ಕಾಲು, ಜೋತುಬಿದ್ದ ಎಡತೋಳು, ಅದಕ್ಕೆ ಸುತ್ತಿದ ಬಿಪಿ ಪಟ್ಟಿಯೂ ಸ್ವೆಟರಿನ ಮೇಲೆಯೇ. ಯಂತ್ರ ಗಾಳಿ ತುಂಬುವಾಗಲೂ ಅಪಾರ್ಟ್‌ಮೆಂಟಿನ ನೀರಿನ ಜಗಳದ ವರದಿ ನಿಲ್ಲಲಿಲ್ಲ. ಇಷ್ಟಾದ ಮೇಲೆ ಬಂದ 168ರಲ್ಲಿ ವಯಸ್ಸಿನ ಪಾಲೆಷ್ಟು, ಕಾಫಿಯದೆಷ್ಟು, ನೀರಿನ ಜಗಳದ್ದೆಷ್ಟು? ಬಿಡಿಸುವುದು ಆ ಯಂತ್ರಕ್ಕೆ ಗೊತ್ತಿಲ್ಲ.

ತೋಳು ಹೃದಯದ ಮಟ್ಟಕ್ಕಿಂತ ಕೆಳಗಿದ್ದರೆ ಸಂಖ್ಯೆ ಏರುತ್ತದೆ. ರಕ್ತನಾಳದೊಳಗಿನ ರಕ್ತಕ್ಕೂ ತೂಕವಿದೆ ನೋಡಿ. ಪ್ರತಿ ಎರಡೂವರೆ ಸೆಂಟಿಮೀಟರಿಗೆ ಸುಮಾರು 2 ಅಂಕ. ಮೂತ್ರ ಕಟ್ಟಿಕೊಂಡು ಕೂತರೂ ಏರುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರಂತೂ ಸುಳ್ಳು ಗ್ಯಾರಂಟಿ: ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಐದರಲ್ಲಿ ನಾಲ್ಕು ಪಾಲನ್ನಾದರೂ ಸುತ್ತಬೇಕು. ಗೇಟಿನ ಹುಡುಗನ ಬಳಿ ಇರುವುದು ಒಂದೇ ಅಳತೆ. ಅವನನ್ನು ಬೈದು ಪ್ರಯೋಜನವಿಲ್ಲ, ಹಿಂದೆ ಆರು ಜನ ಕ್ಯೂ ನಿಂತಿದ್ದರು.

ಆಂಟಿ ಮಾತ್ರ ತೀರ್ಪು ಕೊಟ್ಟೇಬಿಟ್ಟರು: "ರಾತ್ರಿ ಉಪ್ಪಿನಕಾಯಿ ಬೇಡ ಅಂದ್ನೋ ಇಲ್ವೋ?" ವಾಕಿಂಗ್ ಗೆಳೆಯರೊಬ್ಬರು ಜೇಬಿನಿಂದ ತಮ್ಮದೇ ಮಾತ್ರೆಯ ಸ್ಟ್ರಿಪ್ ತೆಗೆದು "ಇದ್ರಲ್ಲಿ ಅರ್ಧ ಹಾಕ್ಕೊಳ್ಳಿ, ಸರಿಹೋಗತ್ತೆ" ಅಂದರು. ಬೆಂಗಳೂರಿನ ಪಾರ್ಕುಗಳಲ್ಲಿ ಹಂಚಿಕೊಳ್ಳಬಾರದ್ದು ಏನಾದರೂ ಇದ್ದರೆ ಅದು ಇದೊಂದೇ. ಅವರ ಮೂತ್ರಪಿಂಡ ಬೇರೆ, ಇವರದು ಬೇರೆ.

ನಿಜವಾದ ಸಂಖ್ಯೆ ಬೇಕಾದರೆ ಮನೆಯಲ್ಲಿ, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, ಪಾದ ನೆಲಕ್ಕೂರಿ ಐದು ನಿಮಿಷ ಬಾಯಿ ಮುಚ್ಚಿ ಕೂರಬೇಕು. ಕಾಫಿ, ನಡಿಗೆ ಮುಗಿದು ಅರ್ಧ ಗಂಟೆಯಾಗಿರಬೇಕು. ಪಟ್ಟಿ ಬರಿತೋಳಿಗೆ, ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲೆ. ತೋಳು ಮೇಜಿನ ಮೇಲೆ. ಒಂದು ನಿಮಿಷ ಬಿಟ್ಟು ಎರಡು ಸಲ. ಬೆಳಿಗ್ಗೆ ಮಾತ್ರೆಗೆ ಮುಂಚೆ, ಮತ್ತೆ ಸಂಜೆ, ಏಳು ದಿನ. ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ. ಮನೆಯಲ್ಲಿ ಅದು 135/85 ಮುಟ್ಟಿದರೆ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಬೇಕು. ಚೆನ್ನಾಗಿ ಬಂದದ್ದನ್ನಷ್ಟೇ ಬರೆದಿಡುವ ಜಾಣರೂ ಇದ್ದಾರೆ, ಮಾರ್ಕ್ಸ್‌ಕಾರ್ಡ್ ತಿದ್ದಿದ ಹಾಗೆ.

ಹಾಗಂತ ವಯಸ್ಸಿನ ಪಾತ್ರ ಏನೂ ಇಲ್ಲವೆಂದಲ್ಲ. ದೊಡ್ಡ ರಕ್ತನಾಳಗಳು ವರ್ಷ ಕಳೆದಂತೆ ಪೆಡಸಾಗುತ್ತವೆ. ಮೇಲಿನ ಸಂಖ್ಯೆ ಏರುತ್ತಾ ಹೋಗುತ್ತದೆ, ಅರವತ್ತರ ಆಚೆ ಕೆಳಗಿನದು ಇಳಿಯುತ್ತದೆ. 158/70 ಬಂದಾಗ "ಕೆಳಗಿಂದು ನಾರ್ಮಲ್ ಇದೆ" ಎಂದು ಸಮಾಧಾನಪಡುವವರು ಎಷ್ಟೋ ಜನ. ಆ ವಯಸ್ಸಿನಲ್ಲಿ ಹೆಚ್ಚು ನೋಡಬೇಕಾದ್ದು ಮೇಲಿನದನ್ನೇ. ಇಲ್ಲಿ "ವಯಸ್ಸಾಯ್ತಲ್ಲ" ಅನ್ನುವುದು ಕಾರಣವಾಗಬಹುದು, ಸಬೂಬಾಗಬಾರದು.

ಹುಡುಗ ಪಟ್ಟಿ ಬಿಚ್ಚಿದ. ಅಂಕಲ್ ಥಟ್ಟನೆ ಎದ್ದರು, ಒಂದು ಕ್ಷಣ ಕಣ್ಣು ಮುಚ್ಚಿ ಮೇಜಿನ ಅಂಚು ಹಿಡಿದರು. ನೋಡಬೇಕಾಗಿದ್ದದ್ದು ಅದು. ನಿಂತು ಒಂದನೇ ನಿಮಿಷಕ್ಕೆ, ಮೂರನೇ ನಿಮಿಷಕ್ಕೆ ಮತ್ತೆ ಅಳೆದು, ಮೇಲಿನದು 20 ಅಥವಾ ಕೆಳಗಿನದು 10 ಇಳಿದಿದ್ದರೆ, ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದು ಸೊಂಟ ಮುರಿದುಕೊಳ್ಳುವವರು ಇಂಥವರೇ. ಇನ್ನೊಬ್ಬರ ಅರ್ಧ ಮಾತ್ರೆ ನುಂಗಿದ್ದರೆ ಕೇಳುವುದೇ ಬೇಡ.

"ಏನಾಯ್ತು?" ಅಂದರು ಆಂಟಿ.

"ಏನಿಲ್ಲ, ವಯಸ್ಸಾಯ್ತಲ್ಲ ಮತ್ತೆ."

ಹುಡುಗ ಆಗಲೇ ಮುಂದಿನವರ ಸ್ವೆಟರಿನ ಮೇಲೆ ಪಟ್ಟಿ ಸುತ್ತುತ್ತಿದ್ದ.