ಸೊಂಟದ ವಿಷಯ ಬರೆಯಬೇಕಾ, ಬೇಡವಾ?

"ಎಂತಕ್ಕೆ ಬರೆಯುವುದು ಅಕ್ಕಾ? ಸೊಂಟನೋವು ಇಲ್ಲದವರು ಈ ಊರಲ್ಲಿ ಯಾರಿದ್ದಾರೆ?"

ಆರೋಗ್ಯ ವಿಮೆಯ ಫಾರ್ಮ್ ತುಂಬಿಸುತ್ತಾ ಇನ್ಶೂರೆನ್ಸ್ ಏಜೆಂಟ್ ಹುಡುಗ ಸೋಮವಾರ ನಮ್ಮ ಜಗಲಿಯಲ್ಲಿ ಕೂತು ಹೇಳಿದ ಮಾತು. ಹೇಳಿ ಎದ್ದು ನಿಲ್ಲುವಾಗ ಅವನೂ ಸೊಂಟಕ್ಕೆ ಕೈ ಕೊಟ್ಟ. ದಿನವಿಡೀ ಬೈಕಿನಲ್ಲಿ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಅಂತ ಸುತ್ತುವವನು, ಪಾಪ. ಒಳ್ಳೆಯವನೇ. ಆದರೆ ನಗುನಗುತ್ತಾ ಸುಳ್ಳು ಬರೆಸುವುದರಲ್ಲಿ ಪಳಗಿದ್ದಾನೆ.

ಸೊಂಟನೋವು ಇಲ್ಲದವರು ಯಾರಿದ್ದಾರೆ? ಅದೇನೋ ಸರಿ. ಅಡಿಕೆ ಹೆಕ್ಕುವುದು, ಸೊಪ್ಪು ಹೊರುವುದು, ಮೆಟ್ಟುಕತ್ತಿಯ ಮುಂದೆ ಕೂತು ಸುಲಿಯುವುದು. ಎಣ್ಣೆ ತಿಕ್ಕಿ ಮಲಗಿದರೆ ಹೋಗುವ ನೋವು ಇಲ್ಲಿ ಕಾಯಿಲೆಯ ಲೆಕ್ಕಕ್ಕೇ ಇಲ್ಲ. ನನ್ನದು ಹಾಗಲ್ಲ ಅಲ್ವಾ. ಮಂಗಳೂರಿನಲ್ಲಿ ಎಂಆರ್‌ಐ ಆಗಿದೆ, ಸೊಂಟದ ಹತ್ತಿರ ಬೆನ್ನುಮೂಳೆಯ ಎಲ್4-ಎಲ್5 ಡಿಸ್ಕ್ ಜಾರಿದೆ ಅಂತ ವರದಿ ಇದೆ. ನಾಳೆ ಆಪರೇಷನ್ ಅಂದರೆ ಅದೇ ಆಸ್ಪತ್ರೆ, ಅದೇ ಫೈಲು. 'ಹಳೆಯ ನೋವು' ಅಂತ ಡಾಕ್ಟರು ಒಂದು ಸಾಲು ಬರೆದರೆ ಸಾಕು, ಕ್ಲೇಮ್ ಅಲ್ಲಿಗೇ ಮುಗಿಯಿತು.

"ಪಾಲಿಸಿಗೆ ಐದು ವರ್ಷ ಕಳೆದರೆ ಮುಚ್ಚಿಟ್ಟದ್ದನ್ನು ಯಾರೂ ಕೇಳುವ ಹಾಗಿಲ್ಲ" ಅಂದ. ಅರ್ಧ ಸತ್ಯ. 2024ರಲ್ಲಿ ವಿಮಾ ಕಂಪನಿಗಳ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಆ ಅವಧಿಯನ್ನು ಎಂಟು ವರ್ಷದಿಂದ ಐದಕ್ಕೆ ಇಳಿಸಿದ್ದು ಹೌದು. ಆದರೆ ಮೋಸ ಅಂತ ಸಾಬೀತಾದರೆ ಅದೂ ರಕ್ಷಣೆಗೆ ಬರುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿಯನ್ನೂ ಅದೇ ವರ್ಷ ನಾಲ್ಕರಿಂದ ಮೂರಕ್ಕೆ ಇಳಿಸಿದ್ದಾರೆ. ಅಂದರೆ ನಿಜ ಹೇಳಿದರೆ ಹೆಚ್ಚೆಂದರೆ ಮೂರು ವರ್ಷ ಕಾಯಬೇಕು, ಮುಚ್ಚಿಟ್ಟರೆ ಐದು ವರ್ಷ ಹೆದರಬೇಕು. ಇದರಲ್ಲಿ ಲಾಭ ಎಲ್ಲಿದೆ ಮಾರಾಯಾ? ಡಿಸ್ಕ್ ಚಿಕಿತ್ಸೆಗೆ ಎಷ್ಟೋ ಪಾಲಿಸಿಗಳು ಸೊಂಟ ಗಟ್ಟಿ ಇದ್ದವರನ್ನೂ ಎರಡು ವರ್ಷ ಕಾಯಿಸುತ್ತವೆ.

ಬರೆದೆ. ಕಂಪನಿಯಿಂದ ಫೋನು ಬಂತು, ಮಲಯಾಳದಲ್ಲಿ. ಕಾಸರಗೋಡಿನ ಪಿನ್‌ಕೋಡ್ ನೋಡಿರಬೇಕು. ಕಾಲು ಜೋಮು ಹಿಡಿಯುತ್ತದಾ, ಕೂತು ಏಳುವಾಗ ಹೇಗೆ, ಆಪರೇಷನ್ ಹೇಳಿದ್ದಾರಾ, ಯಾವ ಮಾತ್ರೆ? ನನ್ನ ಸೊಂಟದ ಬಗ್ಗೆ ಇಷ್ಟು ವಿವರವಾಗಿ ಮನೆಯಲ್ಲಿ ಇವತ್ತಿನವರೆಗೆ ಯಾರೂ ಕೇಳಿಲ್ಲ!

ಪಾಲಿಸಿ ಕೊಡುತ್ತಾರಂತೆ. ಬೆನ್ನುಮೂಳೆಯ ಚಿಕಿತ್ಸೆಗೆ 36 ತಿಂಗಳು ಏನೂ ಸಿಗುವುದಿಲ್ಲ, ಪ್ರೀಮಿಯಂ ಸ್ವಲ್ಪ ಜಾಸ್ತಿ. ಸಿಟ್ಟು ಬಂದದ್ದು ಸುಳ್ಳಲ್ಲ. ಯಾವ ನೋವಿಗೆ ಹೆದರಿ ಪಾಲಿಸಿ ಹುಡುಕಿದೆನೋ ಅದೊಂದೇ ಹೊರಗೆ. ಬೆಲ್ಟು, ಮಾತ್ರೆ, ಅಡ್ಮಿಟ್ ಆಗದೆ ಮಾಡಿಸುವ ಫಿಸಿಯೋಥೆರಪಿ ಎಲ್ಲ ಹೇಗೂ ನಮ್ಮ ಕೈಯಿಂದಲೇ. ಆದರೂ ನಾಳೆ ಇನ್ನೇನೋ ದೊಡ್ಡದು ಬಂದರೆ ಅಂತ ಹಣ ಕಟ್ಟಿದೆ. ಫಾರ್ಮಿನಲ್ಲಿ ಸಹಿ ನನ್ನದು. ಕ್ಲೇಮ್ ಆಗದೆ ಬಿಲ್ ಕೌಂಟರಿನ ಮುಂದೆ ನಿಲ್ಲುವಾಗ ಈ ಹುಡುಗ ಪಕ್ಕದಲ್ಲಿ ಇರುತ್ತಾನಾ?

ಅವನಿಗೆ ನನ್ನ ಮೇಲೆ ಸ್ವಲ್ಪ ಬೇಜಾರಿದೆ. "ಸುಮ್ನೆ ಜಾಸ್ತಿ ಕಟ್ಟಿದಿರಿ" ಅಂದ. ನಿನ್ನ ಪಾಲಿಸಿಯಲ್ಲಿ ಎಂತ ಬರೆದಿದ್ದೀ ಅಂತ ಕೇಳಿದೆ.

"ನನ್ನದು ಬರೆಯುವಷ್ಟು ಇಲ್ಲ ಅಕ್ಕಾ."