ಸತ್ತ ಮೇಲೂ ತಪ್ಪದ ಹಾಜರಿ

ಬಿಲ್ಡಿಂಗ್ ಕಂಟ್ರಾಕ್ಟರ್ ಒಬ್ಬರ ಹತ್ತಿರ ಆಳುಗಳ ಹಾಜರಿ, ಬಟವಾಡೆ ನೋಡಿಕೊಳ್ಳುವುದು ನನ್ನ ಕೆಲಸ. ಅದಕ್ಕೇ ಏನೋ, ಈಜಿಪ್ಟ್ ಅಂದ ಕೂಡಲೇ ನನಗೆ ಪಿರಮಿಡ್‌ಗಿಂತ ಮೊದಲು ಶಬ್ತಿಗಳು ನೆನಪಾಗುತ್ತವೆ. ಸಮಾಧಿಯಲ್ಲಿ ಇಡುತ್ತಿದ್ದ ಪುಟ್ಟ ಗೊಂಬೆಗಳು ಇವು. ಪರಲೋಕದಲ್ಲೂ ಹೊಲ ಮಾಡಬೇಕು, ನೀರು ಹಾಯಿಸಬೇಕು, ಮರಳು ಹೊರಬೇಕು ಎಂದು ಅಲ್ಲಿಯವರು ನಂಬಿದ್ದರು. ಬಿಟ್ಟಿ ಕೆಲಸ ಸತ್ತ ಮೇಲೂ ಬಿಡುವುದಿಲ್ಲ! ಕರೆ ಬಂದಾಗ ಯಜಮಾನನ ಬದಲು ಗೊಂಬೆ ಎದ್ದು 'ಇಲ್ಲಿದ್ದೇನೆ' ಅನ್ನಬೇಕು. ಆ ಮಂತ್ರವನ್ನು ಎಷ್ಟೋ ಗೊಂಬೆಗಳ ಮೈಮೇಲೇ ಬರೆದಿದ್ದಾರೆ.

ಅಲ್ಲಿಯ ರಾಜ ಟುಟಾಂಖಾಮನ್ ಸಮಾಧಿಯಲ್ಲಿ ಇಂಥವು 413 ಸಿಕ್ಕವು. ದಿನಕ್ಕೊಬ್ಬನಂತೆ 365 ಆಳು, ಹತ್ತು ಜನರ ಗುಂಪಿಗೊಬ್ಬನಂತೆ 36 ಮೇಸ್ತ್ರಿ, ಮೇಲೆ ತಿಂಗಳಿಗೊಬ್ಬನಂತೆ 12 ಜನ. ಆಮೇಲಿನ ಕಾಲದಲ್ಲಿ ಆಳುಗಳು ಮಮ್ಮಿಯ ಹಾಗೆ ಸುತ್ತಿಕೊಂಡು ನಿಂತಿದ್ದರೆ, ಮೇಸ್ತ್ರಿ ಗೊಂಬೆ ಮಾತ್ರ ದಿನನಿತ್ಯದ ಬಟ್ಟೆ ಹಾಕಿ ಚಾಟಿ ಹಿಡಿದಿರುತ್ತದೆ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಒಂದು ರಸೀದಿ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಹಳೇ ಕಾಲದ ಕಾಗದ, ಅದು. ತಾಯಿತ ಮಾಡುವವರ ಮುಖ್ಯಸ್ಥನೊಬ್ಬ ಒಬ್ಬ ಪೂಜಾರಿಗೆ, ಅವನ ಅಪ್ಪನಿಗಾಗಿ, 365 ಆಳು, 36 ಮೇಸ್ತ್ರಿ, ಒಟ್ಟು 401 ಗೊಂಬೆ ಮಾರಿದ್ದಾನೆ. ಬೆಳ್ಳಿ ಪೂರ್ತಿ ಸಂದಾಯವಾಗಿದೆ ಅಂತ ಬರೆದುಕೊಟ್ಟಿದ್ದಾನೆ. ಇಷ್ಟಕ್ಕೇ ನಿಲ್ಲಿಸದೆ, ಬೇಗ ಹೋಗಿ ಅವರ ಕೆಲಸ ಮಾಡಿ ಎಂದು ಗೊಂಬೆಗಳಿಗೂ ಹೇಳಿದ್ದಾನೆ. ಮುಂಗಡ ಕೊಟ್ಟಾಗಿದೆ, ಇನ್ನು ನೆಪ ಹೇಳುವ ಹಾಗಿಲ್ಲ, ಅಲ್ವಾ?

ವಿಚಿತ್ರವಾದವೂ ಇವೆ. ಸಕ್ಕಾರಾದ ಸೆರಪಿಯಮ್‌ನಲ್ಲಿ ಏಪಿಸ್ ಎಂಬ ಪವಿತ್ರ ಹೋರಿಗಳನ್ನು ಹೂಳುತ್ತಿದ್ದರು. ಆ ಹೋರಿಗಳಿಗೂ ಶಬ್ತಿ ಇಟ್ಟಿದ್ದಾರೆ. ಮೈ ಮನುಷ್ಯನದು, ತಲೆ ಹೋರಿಯದು. ಹೋರಿಯ ಪಾಲಿನ ಹೊಲದ ಕೆಲಸಕ್ಕೂ ಬದಲಿ ಆಳು! ನೆದರ್‌ಲ್ಯಾಂಡ್ಸ್‌ನ ಲೈಡನ್ ಮ್ಯೂಸಿಯಂನಲ್ಲಿ ಮೆರಿಮೆರಿ ಎಂಬ ಅಧಿಕಾರಿಯ ಗೊಂಬೆಯೊಂದು ಬಗ್ಗಿ ಕಾಳು ಅರೆಯುತ್ತಿದೆ.

ಆದರೆ ನನಗೆ ತುಂಬಾ ಇಷ್ಟವಾದವು ಲಕ್ಸರ್ ಎದುರಿನ ದ್ರಾ ಅಬು ಎಲ್-ನಾಗಾದ ಕಡ್ಡಿ ಶಬ್ತಿಗಳು. 17ನೇ ರಾಜವಂಶದ ಕಾಲ, ಅದರ ಆಸುಪಾಸಿನವು, ಅಂದರೆ ಸುಮಾರು ಮೂರೂವರೆ ಸಾವಿರ ವರ್ಷ ಹಳೆಯವು. ಚೂರು ಕಟ್ಟಿಗೆಯನ್ನು ನಾಲ್ಕು ಏಟಿಗೆ ಕೆತ್ತಿ ಮುಗಿಸಿದ ಹಾಗಿವೆ. ಕೆಲವಕ್ಕೆ ಸರಿಯಾಗಿ ಮುಖವೂ ಇಲ್ಲ. ಕೆಲವನ್ನು ನಾರುಬಟ್ಟೆಯ ಚೂರಿನಲ್ಲಿ ಸುತ್ತಿ, ಗೇಣುದ್ದದ ಮರದ ಶವಪೆಟ್ಟಿಗೆಯಲ್ಲಿ ಮಲಗಿಸಿದ್ದಾರೆ. ಲಾರ್ಡ್ ಕಾರ್ನಾರ್ವನ್ 1908ರಲ್ಲಿ ಅಗೆಸಿದ ತೇತಿಕಿಯ ಸಮಾಧಿಯಲ್ಲೂ ಇಂಥವು ಸಿಕ್ಕವು. ತೇತಿಕಿ ಥೀಬ್ಸ್ ಊರಿನ, ಅಂದರೆ ಈಗಿನ ಲಕ್ಸರ್‌ನ, ಮೇಯರ್. ದುಡ್ಡಿಲ್ಲದೆ ಹೀಗೆ ಮಾಡಿದರು ಅನ್ನುವ ಹಾಗಿಲ್ಲ. ಇವನ್ನು ಹೆಣದ ಪಕ್ಕ ಇಡುತ್ತಿರಲಿಲ್ಲ. ಮನೆಯವರು ಬಂದುಹೋಗುವ ಸಮಾಧಿಯ ಅಂಗಳದಂಥ ಜಾಗದಲ್ಲಿ ಇಡುತ್ತಿದ್ದರು. ಸತ್ತವನ ಹೆಸರಿನ ಜೊತೆ, 'ಆ ಹೆಸರನ್ನು ಬದುಕಿಸುತ್ತಿರುವ ಸಹೋದರ ಇಂಥವನು' ಅಂತ ಕೊಟ್ಟವನ ಹೆಸರೂ ಇರುತ್ತದೆ. ಮದುವೆಯಲ್ಲಿ ಮುಯ್ಯಿ ಬರೆಸಿದ ಹಾಗೆ.

ಟುಟಾಂಖಾಮನ್‌ಗೂ ಹೀಗೆ ಕಾಣಿಕೆ ಬಂದಿದೆ. ಸೇನಾಪತಿ ನಖ್ತ್‌ಮಿನ್ ಐದು ಶಬ್ತಿ ಕೊಟ್ಟಿದ್ದಾನೆ, ಖಜಾನೆ ನೋಡಿಕೊಳ್ಳುತ್ತಿದ್ದ ಮಾಯಾ ಒಂದು. ಖಜಾನೆಯವನದು ಒಂದೇ ಅಂತ ಓದಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ.